ಬೆನ್ನು ಮಾಡಿ ನಿಂತವನು

ಮೈದಾನಕ್ಕೆ ಬೆನ್ನು ಮಾಡಿ
ಕಬ್ಬಿಣದ ಅಟ್ಟಣಿಗೆ ಹತ್ತಿ ನಿಂತಿದ್ದಾನೆ ಅಲೋಯ್ಜಿ,
ವಾರವಿಡೀ ಬೇಕರಿ ವ್ಯಾನು ಓಡಿಸುವವ.
ಕೊರಳಲ್ಲಿ ಅಪ್ಪನ ಕಾಲದ ಉಣ್ಣೆಪಟ್ಟಿ.

ಹತ್ತೊಂಬತ್ತು ವರ್ಷ,
ಒಂದು ಪಂದ್ಯ ತಪ್ಪಿಸಿಲ್ಲ,
ಒಂದು ಗೋಲೂ ಕಂಡಿಲ್ಲ.

"ಕೂಗ್ರೋ! ಸತ್ತಿದ್ದೀರಾ?"
ಡೋಲು ಗುದ್ದುತ್ತದೆ. ಕೂಗುತ್ತೇವೆ,
ಸೈಲೀಸಿಯಾದ ಗಣಿ ಮುಚ್ಚಿದ ಊರಿನವರು,
ಮೂರನೇ ದರ್ಜೆಯ ಲೀಗಿನ
ಹನ್ನೊಂದನೇ ಸ್ಥಾನದವರು.

ಪಕ್ಕದಲ್ಲಿ ಟ್ರೂಡಾ ಅಜ್ಜಿ
ಸೂರ್ಯಕಾಂತಿ ಬೀಜ ಕಚ್ಚಿ ಸಿಪ್ಪೆ ಉಗಿಯುತ್ತ
ರೆಫರಿಯ ಏಳು ತಲೆಮಾರು ಜಾಲಾಡುತ್ತಾಳೆ,
ನಡುವೆಯೇ ನನ್ನ ಜಿಪ್ಪು ಮೇಲೆಳೆಯುತ್ತಾಳೆ:
"ಥಂಡಿ ಕಣೇ, ಥಂಡಿ."
ಅರ್ಧ ತಿಂದ ಸಾಸೇಜು ಕೈಯಲ್ಲೇ ಆರಿದೆ.

ಎಂಬತ್ತೆಂಟನೇ ನಿಮಿಷ.
ಎಡಗಡೆಯಿಂದ ಚೆಂಡು ತೇಲಿ ಬಂತು.
ಕೂಗು ಗಂಟಲಲ್ಲಿ,
ಡೋಲಿನ ಕೋಲು ಗಾಳಿಯಲ್ಲಿ.
ಆಗಲೂ ತಿರುಗಲಿಲ್ಲ ಅಲೋಯ್ಜಿ.
ನಮ್ಮ ಮುಖಗಳನ್ನು ಸಾಲು ಸಾಲಾಗಿ
ಓದುತ್ತ ಹೋದ,
ಮೇಲಿನ ಮೆಟ್ಟಿಲ ಹುಡುಗರನ್ನು,
ಸಿಪ್ಪೆ ಅಂಟಿದ ಅಜ್ಜಿಯ ತೆರೆದ ಬಾಯಿಯನ್ನು,
ನನ್ನ ಹುಬ್ಬನ್ನು

ಆಮೇಲೆ ಕೆಂಪು ಹೊಗೆ.
ಯಾರದೋ ಮೊಣಕೈ ನನ್ನ ಮೂಗಿಗೆ,
ನನ್ನ ಸಾಸಿವೆ ಯಾರದೋ ಕೂದಲಿಗೆ.
ಪರಿಚಯವಿಲ್ಲದ ಪೊಲೀಸಿನವನಂಥ ಗಂಡಸೊಬ್ಬ
ನನ್ನ ಹೆಗಲ ಮೇಲೆ ಅತ್ತ,
ಕ್ಷಮಿಸಿ ಅಂದ, ಮತ್ತೆ ಅತ್ತ.

ರಾತ್ರಿ ಟ್ರಾಮಿನಲ್ಲಿ ಅಲೋಯ್ಜಿ ಎದುರು ಕೂತ.
ದನಿ ಪೂರಾ ಬಿದ್ದುಹೋಗಿತ್ತು.
"ಹೆಂಗಿತ್ತು ಗೋಲು?" ಬರೀ ಗಾಳಿ ಬಂತು ಬಾಯಿಂದ.

ಹೇಳಿದೆ: ಹಣೆಗೆ ತಾಗಿ,
ಕಂಬಕ್ಕೆ ಬಡಿದು, ಗೋಲಿಯ ಬೆನ್ನಿಗೆ ಬಡಿದು ಒಳಗೆ.
ಚೆಂದದ ಗೋಲೇನಲ್ಲ.

"ಇನ್ನೊಂದ್ಸಲ ಹೇಳು," ಅಂದ,
ನನ್ನ ಮಾತು ಕೇಳದೆ,
ಮುಖವನ್ನೇ ನೋಡುತ್ತ.