ಕೆಂಪು ಎಂಬ ಪದ

ತರಬೇತಿಯಲ್ಲಿ ಕೊಟ್ಟ ಪುಸ್ತಕದ ನಲವತ್ತನೇ ಪುಟದಲ್ಲಿ
ಹನ್ನೆರಡು ಮಕ್ಕಳಿದ್ದಾರೆ, ಹನ್ನೆರಡೂ ಬೆಳ್ಳಗೆ.
ಒಂದೊಂದರ ಕೆಳಗೂ ಅದೇ ಮಾತು:
ಕೆಂಪು ಚುಕ್ಕೆ, ಕೆಂಪು ಗಂದೆ, ಕೆಂಪು ಅಂಚು, ನಸುಗೆಂಪು.
ಅದನ್ನೇ ಬಾಯಿಪಾಠ ಮಾಡಿ ಪಾಸಾದೆ.
ಬೋಂಗೊಗೆ ನರ್ಸಾಗಿ ಬಂದು
ಮೊದಲ ವಾರವೇ ಫೇಲಾದೆ.

ಬಂಡೆಗಳ ನಡುವೆ ಎರಡು ಕೋಣೆಯ ದವಾಖಾನೆ.
ಹರ್ಮಾಟಾನ್ ಗಾಳಿ ಎಷ್ಟು ಒರೆಸಿದರೂ
ಮೇಜಿನ ಮೇಲೆ ಇನ್ನೊಂದು ಮೇಜು ಹಾಸುತ್ತಿತ್ತು, ಧೂಳಿನದು.
ತಾಯಂದಿರು ಬೆನ್ನಿನ ಗಂಟು ಬಿಚ್ಚಿ
ಕೂಸುಗಳನ್ನು ಒಂದೊಂದಾಗಿ ನನ್ನೆದುರು ಇಳಿಸಿದರು.
ಕಪ್ಪು, ಕಂದು, ನೇರಳೆ ಕಪ್ಪು, ಎಣ್ಣೆ ಮಿಂಚಿನ ಕಪ್ಪು.
ನಾನೂ ಇದೇ ಬಣ್ಣದವಳು.
ಆದರೂ ಹುಡುಕುತ್ತಿದ್ದೆ, ಕೆಂಪು.

"ಕಣ್ಣು ಮುಚ್ಚಿಕೋ" ಅಂದಳು ಆಯಂಪೋಕ,
ಕೂಸುಗಳನ್ನು ತೂಕಕ್ಕೆ ಹಾಕುವ ಮುದುಕಿ,
ತಕ್ಕಡಿಯ ಅಂಕಿ ಬಿಟ್ಟು ಬೇರೇನೂ ಓದಲು ಬಾರದವಳು.
ನನ್ನ ಬೆರಳು ಹಿಡಿದು ಒಂದು ಕುತ್ತಿಗೆಯ ಮಡಿಕೆಗೆ ತಂದಳು.
ಸಜ್ಜೆ ನುಚ್ಚು ಚೆಲ್ಲಿದ ಹಾಗೆ.
"ಬೆವರುಸಾಲೆ. ಚಳಿಗೆ ಹೆದರಿ ಮೂರಂಗಿ ತೊಡಿಸಿದ್ದಾಳೆ.
ಎರಡು ಬಿಚ್ಚಿಸು."
ಇನ್ನೊಂದರ ಮೊಣಕೈ ಮಡಿಕೆ, ಓತಿಯ ಬೆನ್ನು:
ಇಸುಬು. ಕಣ್ಣು ಬಿಟ್ಟೆ. ಕೆಂಪಲ್ಲ, ಬೂದಿ.

ಕಜ್ಜಿಗೆ ಬೆರಳೂ ಬೇಡ ಅವಳಿಗೆ, ಒಂದು ಪ್ರಶ್ನೆ ಸಾಕು.
"ರಾತ್ರಿ ಮನೆಯಲ್ಲಿ ಯಾರ್ಯಾರು ಕೆರೆದುಕೊಳ್ತೀರಿ?"
ತಾಯಿ ನಕ್ಕಳು, ಅಜ್ಜಿ ನಕ್ಕಳು,
ಬಾಗಿಲಾಚೆ ಗಂಡ ಕೈಯನ್ನು ಜೇಬಿಗಿಳಿಸಿದ.
ಔಷಧಿ ಇಡೀ ಮನೆಗೆ ಅಳೆದು ಕೊಟ್ಟೆವು.

ನೀರುಕೋಟಲೆ ಆತುರದ ಗಿಡ, ಅಂದಳು ಒಮ್ಮೆ,
ಒಂದೇ ಬೆನ್ನಲ್ಲಿ ಮೊಗ್ಗು, ನೀರ್ಗಾಯಿ, ಒಣಸಿಪ್ಪೆ.
ದಡಾರ ಹಾಗಲ್ಲ. ಮೊದಲು ಕೆಮ್ಮನ್ನು ಕಳಿಸುತ್ತದೆ,
ಒದ್ದೆ ಕಣ್ಣು ಕಳಿಸುತ್ತದೆ,
ಕೆನ್ನೆಯೊಳಗೆ ಉಪ್ಪಿನ ಹರಳಿಟ್ಟು,
ಆಮೇಲೆ ಕಿವಿಯ ಹಿಂದಿನಿಂದ ಇಳಿದು ಬರುತ್ತದೆ.

ಲಾಮಿಸಿ ಬಂದದ್ದು ರಾತ್ರಿ, ಸರಕಿನ ಮೂರು ಗಾಲಿ ಗಾಡಿಯಲ್ಲಿ,
ಈರುಳ್ಳಿ ಮೂಟೆಗಳ ನಡುವೆ ಕೂತು.
ಮಡಿಲಲ್ಲಿ ಅವಿನೆ, ಎರಡು ವರ್ಷ. ಸುಡುವ ಮೈ.
ಎತ್ತಿದರೆ ಅಳು, ಇಳಿಸಿದರೆ ತೂಕಡಿಕೆ.
ಹೊಟ್ಟೆಯ ಮೇಲೆ ಬೆರಳಾಡಿಸಿದೆ: ನುಣುಪು.
ಟಾರ್ಚಿನಲ್ಲಿ ಏನೋ ಚುಕ್ಕೆ, ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.
"ಸೊಳ್ಳೆ ಕಚ್ಚಿರಬೇಕು" ಅಂದೆ.
ನಾನೇ ಅಂದದ್ದು.

ಆಯಂಪೋಕ ಮಾತಾಡಲಿಲ್ಲ.
ತಾನು ಚಹಾ ಕುಡಿದ ಗಾಜಿನ ಲೋಟ ಸೆರಗಿಗೆ ಒರೆಸಿ
ಮಗುವಿನ ಪಾದ ಮೇಲಕ್ಕೆ ತಿರುಗಿಸಿದಳು.
ಅಲ್ಲಿ, ನಮ್ಮವರ ಮೈ ತಿಳಿಯಾಗುವಲ್ಲಿ,
ಮೂರು ಚುಕ್ಕೆ.
ಲೋಟ ಒತ್ತಿದಳು.
ಗಾಜಿನಡಿ ಅಂಗಾಲು ಬಿಳಚಿತು.
ಮೂರು ಚುಕ್ಕೆ ಬಿಳಚಲಿಲ್ಲ.
ಕೆಳರೆಪ್ಪೆ ಎಳೆದಳು.
ಪುಸ್ತಕದ ಪದ
ಅಲ್ಲಿ ಕೂತಿತ್ತು.

ಸೂಜಿ ಚುಚ್ಚಿದ ಕೈ ನನ್ನದೇ, ನಡುಗಿತು.
ಈರುಳ್ಳಿ ಮೂಟೆಗಳನ್ನು ದಾರಿಬದಿಗೆ ಉರುಳಿಸಿ
ಅದೇ ಗಾಡಿ ಬೋಲ್ಗದ ಆಸ್ಪತ್ರೆಗೆ ಓಡಿತು.

ಮಳೆಗಾಲಕ್ಕೆ ಅವಿನೆ ನಡೆದುಕೊಂಡು ಬಂದ.
ಬಲಗಡೆಯಿಂದ ಕೂಗಿದರೆ ತಿರುಗುತ್ತಾನೆ.
ಎಡಗಡೆಯಿಂದ ಕೂಗಿದರೆ
ಲಾಮಿಸಿ ತಿರುಗುತ್ತಾಳೆ.

ನಲವತ್ತನೇ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದೇನೆ,
ನನ್ನ ನಂತರ ಬರುವವಳಿಗೆ:
ಅಂಗಾಲು ನೋಡು. ಅಂಗೈ ನೋಡು. ರೆಪ್ಪೆಯೊಳಗೆ ನೋಡು.
ಲೋಟ ಒತ್ತು. ಅಳಿಯದಿದ್ದರೆ ಕಾಯಬೇಡ.
ಏನು ಬರೆದೆ ಎಂದಳು ಆಯಂಪೋಕ. ಓದಿ ಹೇಳಿದೆ.
"ಅಷ್ಟೇನಾ?" ಅಂದಳು,
ಚಹಾ ಲೋಟವನ್ನು ಎರಡೂ ಅಂಗೈ ನಡುವೆ ಉರುಳಿಸುತ್ತಾ.
"ಮುಟ್ಟುವ ಮುಂಚೆ
ಕೈ ಬೆಚ್ಚಗೆ ಮಾಡಿಕೋ ಅಂತಲೂ ಬರಿ."