ನಾಲ್ಕನೆಯ ಹೆಸರು

ಜನಗಣತಿಯಲ್ಲಿ ಹುಡುಕಬೇಡಿ, ಎಂದರು ಪತ್ರಾಗಾರದ ಗುಮಾಸ್ತರು,
ಅಲ್ಲಿ ಮನುಷ್ಯರಿಲ್ಲ, ಮೊತ್ತಗಳಿವೆ.
ಎಣಿಸಿ ಮುಗಿದ ಮೇಲೆ ಮನೆಮನೆಯ ಚೀಟಿಗಳನ್ನು
ರದ್ದಿಗೆ ಹಾಕಿದರಂತೆ.
ಆದರೂ ತಂದುಕೊಟ್ಟರು ಮೂವತ್ತೊಂದರ ಸಂಪುಟ,
ಬೆನ್ನು ಬಿಟ್ಟ ಪುಸ್ತಕ, ಲಾಡಿಯಲ್ಲಿ ಕಟ್ಟಿದ್ದು.
ಮುಂಬಯಿ ಶಹರ. ತಾಯ್ನುಡಿ ಕನ್ನಡ. ಹೆಂಗಸರು.
ಎದುರಿಗೆ ಒಂದು ಸಂಖ್ಯೆ.
ಅದರ ಮೇಲೆ ಬೆರಳಿಟ್ಟು ಕೂತೆ ಸ್ವಲ್ಪ ಹೊತ್ತು.
ಇದರೊಳಗೆ ಎಲ್ಲೋ ಒಂದು, ನೀನು.
ನಿನ್ನನ್ನು ಕಳೆದರೆ ಮೊತ್ತ ತಪ್ಪುತ್ತದೆ,
ಖಾತ್ರಿ ಇರುವುದು ಇಷ್ಟೇ, ಮುತ್ತಜ್ಜಿ.

ಉಳಿದದ್ದೆಲ್ಲ ನಿನ್ನ ಮಗಳು ಕಾಶವ್ವನ ಟ್ರಂಕಿನಲ್ಲಿ,
ಡೊಂಬಿವಲಿಯ ಮೂರನೇ ಮಾಳಿಗೆ, ಲಿಫ್ಟು ಕೆಟ್ಟ ದಿನ.
ಗಿರಣಿಯ ಹಿತ್ತಾಳೆ ಬಿಲ್ಲೆ, ರೀಲಿಂಗ್ ಖಾತೆ, ೭೧೮.
ನಾಯಗಾಂವ ಚಾಳಿನ ಬಾಡಿಗೆ ಪಾವತಿಗಳು,
ನಡುವೆ ನಾಲ್ಕು ತಿಂಗಳದ್ದು ಇಲ್ಲ,
ಮುಷ್ಕರವಿರಬೇಕು, ಅಥವಾ ಇಲಿ.
ರಬಕವಿಯಲ್ಲಿ ಸ್ವಂತ ಮಗ್ಗ ಮಾರಿ ಬಂದವರು ನಾವು
ಎಂಬುದು ಮನೆತನದ ಮಾತು;
ಮಗ್ಗ ಸಾಹುಕಾರನದು ಎನ್ನುತ್ತದೆ
ಮಡಿಕೆಯಲ್ಲೇ ಹರಿದ ಒಂದು ಕರಾರು ಚೀಟಿ.
ನಾನು ಅದನ್ನು ಮತ್ತೆ ಮಡಿಸಿಟ್ಟೆ.

ಮರಾಠಿ ಕಾರಕೂನನಿಗೆ ನೀನು ನಿಳಾಬಾಯಿ.
ಹೆರಿಗೆ ಮನೆಯ ಇಂಗ್ಲಿಷಿಗೆ ನಿಲೋವಾ.
ಪಗಾರದ ಪುಸ್ತಕದಲ್ಲಿ ಬರೀ ಹೆಬ್ಬೆಟ್ಟು,
ಕಾಗುಣಿತ ತಪ್ಪದ್ದು ಅಲ್ಲೊಂದೇ.
ನೀಲವ್ವ ಎಂದು ಬರೆದದ್ದು ಎಲ್ಲೂ ಸಿಗಲಿಲ್ಲ,
ಈಗ ನಾನೇ ಬರೆಯುತ್ತಿರುವುದು.

ಕೊನೆಗೆ ಸಿಕ್ಕವು ಮೂರು ರೇಷನ್ ಕಾರ್ಡು,
ನಲವತ್ಮೂರು, ನಲವತ್ತಾರು, ಐವತ್ತು.
ಸಂಗಪ್ಪ. ನೀಳವ್ವಾ ಎಂಬಂಥದೇನೋ. ಗುರುಪಾದ, ಅಂದರೆ ನನ್ನಜ್ಜ.
ನಾಲ್ಕನೆಯದು ಮುರಿಗೆಪ್ಪ, ಮಗ.
ಯಾರಿವನು? ಕೇಳಿದೆ.
ಕಾಶವ್ವ ನಕ್ಕ ರಭಸಕ್ಕೆ ಬಟ್ಟಲಿನ ಚಹಾ ತುಳುಕಿತು.
“ಅಂವಾ ಸಕ್ರಿ ಸಲುವಾಗಿ ಹುಟ್ಟಿದ ಹುಡುಗಾ!
ಆವಾಗ ಎಲ್ಲಾರೂ ಬರಸ್ತಿದ್ರವ್ವಾ.
ಬಾಜೂ ಖೋಲಿಯವರು ತೀರಿಕೊಂಡ ಮುದುಕನ ಹೆಸರ್ಲೆ
ಆರು ವರ್ಷ ಗೋದಿ ತಂದ್ರು.
ನನ್ನ ತೊಟ್ಟಲಕ್ಕ ಹಂಚಿದ ಸಕ್ರಿನೂ
ಮುರಿಗ್ಯಾನ ಪಾಲಿಂದ ಅಂತ.”

ನಾನೂ ನಕ್ಕೆ. ಇದ್ದವಳಿಗೆ ಇಲ್ಲದ ಹೆಸರು,
ಇಲ್ಲದವನಿಗೆ ಸರಕಾರದ ಮೊಹರು.
ಈ ಊರಿನ ಕಾಗದವೇ ಹೀಗೆ
ಎಂದು ಲೋಕಲ್ಲಿನಲ್ಲಿ ನಿಂತೇ ಬಂದೆ.

ಆಮೇಲೆ ಗುರುವಾರ, ಪರೇಲಿನ ವಾರ್ಡ್ ಆಫೀಸು.
ನಿನ್ನ ಸಾವಿನ ತಾರೀಖು ಹುಡುಕಲು ಹೋಗಿದ್ದೆ.
ಧೂಳಿಗೆ ಮೂಗು ಕಟ್ಟಿಕೊಂಡ ಹುಡುಗ
ತಪ್ಪಿ ತಂದದ್ದು ಮೂವತ್ನಾಲ್ಕರ ಜನನದ ಪುಸ್ತಕ.
ಆಗಸ್ಟ್. ಗಂಡು. ತಾಯಿ ನಿಲೋವಾ, ಗಿರಣಿ ಕೆಲಸ.
ಹೆಸರಿನ ಅಂಕಣ ಖಾಲಿ.
ಅಂಚಿನಲ್ಲಿ ಕೆಂಪು ಶಾಯಿ, ಬೇರೊಂದು ಪುಸ್ತಕದ ಪುಟಸಂಖ್ಯೆ.
ಆ ಪುಸ್ತಕವನ್ನೂ ತರಿಸಿದೆ.
ಹನ್ನೊಂದು ದಿನ.
ತೊಟ್ಟಿಲು ಕಟ್ಟಿ ಹೆಸರಿಡಲು ಎರಡು ದಿನ ಬಾಕಿ.

ಚೀಲದಿಂದ ಕಾರ್ಡುಗಳನ್ನು ತೆಗೆದು ಮೇಜಿನ ಮೇಲೆ ಹರವಿದೆ.
ನಿನ್ನ ವಯಸ್ಸು ಮೊದಲನೆಯದರಲ್ಲಿ ಮೂವತ್ತು,
ಎರಡನೆಯದರಲ್ಲಿ ಮೂವತ್ತೆಂಟು, ಆಮೇಲೆ ಮೂವತ್ತೈದು.
ಕೇಳಿದವರಿಗೆ ಬಾಯಿಗೆ ಬಂದದ್ದು ಹೇಳಿದ್ದೀ.
ಗಂಡನದೂ ಅಷ್ಟೇ, ಅಂದಾಜು.
ಮುರಿಗೆಪ್ಪನಿಗೆ ಒಂಬತ್ತು.
ಮುರಿಗೆಪ್ಪನಿಗೆ ಹನ್ನೆರಡು.
ಮುರಿಗೆಪ್ಪನಿಗೆ ಹದಿನಾರು.
ಬೆರಳು ಮಡಿಸಿ ಎಣಿಸಿ ನೋಡಿದೆ, ಎರಡು ಸಲ.
ಒಂದು ವರ್ಷವೂ ಆಚೀಚೆಯಾಗಿಲ್ಲ.

ಊಟದ ಹೊತ್ತು, ಹುಡುಗ ಕಿಟಕಿ ಮುಚ್ಚುತ್ತಿದ್ದ.
ಫೋನಿನಲ್ಲಿ ಕಾಶವ್ವ:
“ಏನರೆ ಸಿಕ್ಕತೇನ?”
ಇಲ್ಲ, ಎಂದೆ,
ಇನ್ನೂ ಹುಡುಕಾಕತ್ತೀನಿ.