ಇಲಿ ತಿಂದ ಕಾರ್ಡು

ಮೂರನೇ ದಿನವೂ ಉಂಗುರಗಳಿವೆ.
ನೇರಳೆ, ತೆಳ್ಳಗೆ,
ಅಕ್ಕಸಾಲಿಗನ ಕೈಜಾರಿ ಚೆಲ್ಲಿದ ನತ್ತಿನ ಹಾಗೆ
ಕೆಂಪು ಕಣಕ್ಕೊಂದು, ಕೆಲವದರಲ್ಲಿ ಎರಡು.
ಗುಳಿಗೆ ನುಂಗಿದ್ದು ನಿಜ, ನಾನೇ ಎದುರು ನಿಂತಿದ್ದೆ.
ಗಡಚಿರೋಲಿಯ ರಸ್ತೆ ಕೆಲಸದಿಂದ ಜ್ವರ ಹೊತ್ತು
ಸೊಲ್ಲಾಪುರದಲ್ಲಿ ಇಳಿದವನು,
ಅಕ್ಕಲಕೋಟ ಕಡೆಯ ಯಲ್ಲಾಲಿಂಗ.
ನಮ್ಮ ಮರಾಠಿ ನಮೂನೆಗೆ ಇಳಿಯುವಾಗ
ಒಂದು ಲ ಕಳಕೊಂಡು ಯಲಾಲಿಂಗ.
ಕರೆದರೆ ಓಗೊಡುತ್ತಾನೆ. ಕೆಲಸ ನಡೆಯುತ್ತದೆ.

ಎಣಿಸುವಾಗ ಅಪ್ಪ ನೆನಪಾಗುತ್ತಾನೆ,
ಚನಮಲ್ಲಪ್ಪ, ಜಕಾರ್ಡ್ ಮಗ್ಗಕ್ಕೆ ಕಾರ್ಡು ಹೊಡೆಯುವವ.
ತೂತಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ.
ಅಷ್ಟೇ ಅವನ ಅಕ್ಷರಮಾಲೆ.
ಸವೆದ ಸರ ಎದುರಿಟ್ಟು ಹೊಸದನ್ನು ನಕಲು ಮಾಡುವಾಗ
ನಿದ್ದೆಗಣ್ಣಿಗೆ ಒಂದು ತೂತು ಆಚೆ, ಒಂದು ಈಚೆ.
ಹೂವಿಗೆ ಹಲ್ಲು ಹುಟ್ಟುತ್ತಿತ್ತು, ಆನೆಗೆ ಐದನೇ ಕಾಲು.
ಅವು ಪೇಟೆಗೆ ಹೋಗಲಿಲ್ಲ.
ನಾವು ಮಕ್ಕಳು ಹೊದ್ದು ಬೆಳೆದದ್ದೆಲ್ಲ ತಪ್ಪುಗಳನ್ನೇ.

ಒಮ್ಮೆ ಇಲಿ ಹದಿನಾರು ಕಾರ್ಡು ತಿಂದಿತು.
ಅಪ್ಪ ಪಕ್ಕದವನ್ನೇ ಎರಡೆರಡು ಸಲ ಹೊಡೆದು ಪೋಣಿಸಿದ.
ನವಿಲಿನ ಕತ್ತು ಬೆರಳಷ್ಟು ಬೆಳೆಯಿತು.
ಅಂಬಾದಾಸ ಸೇಠ ತೆಲುಗಿನಲ್ಲಿ ಬೈದ,
ಮರಾಠಿಯಲ್ಲಿ ಸಂಬಳ ಮುರಿದ.
ಆ ಚಳಿಗಾಲ ಹೈದರಾಬಾದಿನ ವ್ಯಾಪಾರಿ ಬಂದು
ಉದ್ದ ಕತ್ತಿನದೇ ಬೇಕೆಂದ.
"ನಾ ಏನೂ ಮಾಡಿಲ್ಲವ್ವಾ,
ಇಲಿ ಮಾಡ್ತು, ಗಿರಾಕಿ ಮಾಡಿದ."

ಇದಕ್ಕೂ ಬುದ್ಧಿಯಿಲ್ಲ, ಹಗೆಯಿಲ್ಲ.
ಎರಡು ದಿನಕ್ಕೊಮ್ಮೆ ತನ್ನ ಪೋಥಿಯನ್ನು
ಹತ್ತಾರು ಸಲ ನಕಲು ಮಾಡಿಕೊಂಡು ಕಣ ಒಡೆದು ಬರುತ್ತದೆ.
ಎಲ್ಲೋ ಒಂದು ಪ್ರತಿಯಲ್ಲಿ ಒಂದೇ ಪುಟ ಎರಡು ಸಲ.
ಮದ್ದನ್ನು ಪಕ್ಕಕ್ಕೆ ಸರಿಸುವ ಪುಟವೇ ಆದರೆ
ಗುಳಿಗೆಯೇ ಗಿರಾಕಿ.
ಪೆಟ್ಟಿಗೆಯಲ್ಲಿ ಅರವತ್ತು ಚಾದರ, ಮೈಮೇಲೆ ಒಂದೇ.
ರಕ್ತದ ಪಹರೆಗೆ ಅದರ ಗುರುತು ಹತ್ತಿತೋ,
ಬೇರೆಯದನ್ನು ಹೊದ್ದವಷ್ಟೇ ಉಳಿಯುತ್ತವೆ.
ಎಂದಾದರೂ ಎರಡರ ಅಂಚು ಕೂಡಿ
ಅರವತ್ತೊಂದನೆಯದು.

ಇದೆಲ್ಲ ಓದಿ ತಿಳಿದದ್ದು.
ನನ್ನ ಮಸೂರಕ್ಕೆ ಕಾಣುವುದು ಉಂಗುರ ಮಾತ್ರ.

ದಪ್ಪ ಕಾಗದದ ಮೇಲೆ ನಾಲ್ಕು ಹನಿ ರಕ್ತ ಒಣಗಲು ಇಟ್ಟು
ಹೆಸರು ಬರೆಯುತ್ತೇನೆ, ಲ ಒತ್ತು ಕೊಟ್ಟು.
ಪುಣೆಯಲ್ಲಿ ಯಾರೋ ಅದಕ್ಕೆ ತೂತು ಹೊಡೆದು
ಆ ಪುಟ ಎಷ್ಟು ಸಲ ಬಂದಿದೆಯೆಂದು ಎಣಿಸುತ್ತಾರೆ.
ಹದಿನೈದು ದಿನ ಬೇಕು.

ಹುಡುಗ ಚಳಿ ಅನ್ನುತ್ತಾನೆ.
ಇನ್ನೊಂದು ಹೊದಿಸುತ್ತೇನೆ,
ನಕಾಶೆ ನೋಡದೆ.